ಹಳೆಯ ಮಷೀನಿಗೆ ಡೆಬಿಯನ್ ಡೆಸ್ಕ್‌ಟಾಪ್: ಒಂದೊಂದೇ ಪದರ ಏರಿಸುವ ರೀತಿ

ಡೆಬಿಯನ್ ಅಂದರೆ ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ, ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಮ್. ಅದರ ಇನ್‌ಸ್ಟಾಲರ್ ಮುಗಿಯುವ ಹೊತ್ತಿಗೆ ಒಂದು ಪರದೆ ಬರುತ್ತದೆ: ಯಾವ ಡೆಸ್ಕ್‌ಟಾಪ್ ಬೇಕೋ ಟಿಕ್ ಮಾಡಿ ಅಂತ. ಗ್ನೋಮ್, ಎಕ್ಸ್‌ಎಫ್‌ಸಿಇ, ಕೆಡಿಇ ಎಲ್ಲಾ ಸಾಲಾಗಿ ಇರುತ್ತವೆ. ಹೊಸ ಮಷೀನಾದರೆ ಟಿಕ್ ಮಾಡಿ ಚಹಾ ಕುಡಿದು ಬರಬಹುದು. ಹಳೆಯ ಮಷೀನಿಗೆ ನಾನು ಹಾಗೆ ಮಾಡುವುದಿಲ್ಲ. ಎಲ್ಲಾ ಟಿಕ್ ತೆಗೆದು, ಬರೀ ಅಕ್ಷರದ ಪರದೆಯ ತನಕ ಬಂದು, ಆಮೇಲೆ ಡೆಸ್ಕ್‌ಟಾಪನ್ನು ಪದರ ಪದರವಾಗಿ ಕೈಯಾರೆ ಏರಿಸುತ್ತೇನೆ.

ಯಾಕೆಂದರೆ ನಾವು ಡೆಸ್ಕ್‌ಟಾಪ್ ಅನ್ನುವುದು ನಾಲ್ಕು ಬೇರೆ ಬೇರೆ ತಂತ್ರಾಂಶಗಳು ಕೂಡಿ ಮಾಡುವ ಕೆಲಸ. ತಳದಲ್ಲಿ ಕರ್ನಲ್ಲಿನ, ಅಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿನ, ಗ್ರಾಫಿಕ್ಸ್ ಡ್ರೈವರ್. ಅದರ ಮೇಲೆ ಚಿತ್ರ ಬಿಡಿಸುವ, ಮೌಸು ಕೀಬೋರ್ಡುಗಳ ಮಾತು ಕೇಳುವ ಎಕ್ಸ್ ಸರ್ವರ್. ಅದರ ಮೇಲೆ ಕಿಟಕಿಗೆ ಅಂಚು, ಕೆಳಗೊಂದು ಪಟ್ಟಿ, ಮೆನು ಕೊಡುವ ಎಕ್ಸ್‌ಎಫ್‌ಸಿಇ. ಕೊನೆಗೆ ಪಾಸ್‌ವರ್ಡ್ ಕೇಳುವ ಲಾಗಿನ್ ಪರದೆ. ನಾಲ್ಕನ್ನೂ ಒಮ್ಮೆಲೇ ಹಾಕಿ, ಮರಳಿ ಚಾಲೂ ಮಾಡಿದಾಗ ಪರದೆ ಕಪ್ಪಾಗಿ ನಿಂತರೆ ಯಾವುದನ್ನು ಹಿಡಿಯುತ್ತೀರಿ? ಒಂದೊಂದನ್ನೇ ಹಾಕಿ, ನಡೆಯುತ್ತದೆಂದು ನೋಡಿಕೊಂಡು ಮುಂದೆ ಹೋದರೆ, ಕೆಟ್ಟಿದ್ದು ಈಗಷ್ಟೇ ಹಾಕಿದ್ದು ಅನ್ನುವುದಾದರೂ ಖಾತ್ರಿ.

ಉದಾಹರಣೆಗೆ ಇಟ್ಟುಕೊಂಡಿರುವುದು ಮಹಾಲಿಂಗಪುರದಲ್ಲಿ ನಮ್ಮ ಕಾಕಾ ನಡೆಸುವ ಬೆಲ್ಲದ ದಲಾಲಿ ಅಂಗಡಿಯ ಕಂಪ್ಯೂಟರು. ಇಂಟೆಲ್ ಕೋರ್ ಐ3, ಮೂರನೇ ಪೀಳಿಗೆ; 4 ಜಿಬಿ ರ‍್ಯಾಮ್. ಅದರಲ್ಲಿದ್ದ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಟಿಪಿಎಂ 2.0 ಅನ್ನುವ ಭದ್ರತಾ ಚಿಪ್ ಕೇಳುತ್ತದೆ, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ಪೀಳಿಗೆ ಅಥವಾ ಮುಂದಿನ ಪ್ರೊಸೆಸರ್ ಕೇಳುತ್ತದೆ. ಹಾಗಂತ ಗಟ್ಟಿಮುಟ್ಟಾದ ಮಷೀನನ್ನು ಗುಜರಿಗೆ ಹಾಕಲಾದೀತೇ? ಅಂಗಡಿಗೆ ಬೇಕಾದದ್ದು ಇಷ್ಟೇ: ಯಾರ ಬೆಲ್ಲ ಎಷ್ಟು ಪೆಂಟಿ ಬಂತು, ತೂಕ ಎಷ್ಟು, ಸವಾಲಿನಲ್ಲಿ (ಹರಾಜಿನಲ್ಲಿ) ಏನು ದರ ಬಿತ್ತು ಅನ್ನುವ ಎಕ್ಸೆಲ್ ಹಾಳೆ, ರೈತರಿಗೆ ಕೊಡುವ ಪಟ್ಟಿಯ ಪ್ರಿಂಟು, ಒಂದು ಬ್ರೌಸರು.

ಒಂದು ಮಾತು ಮೊದಲೇ. ಟ್ಯಾಲಿಯ ಮೇಲೆ ನಡೆಯುವ ಅಂಗಡಿಯಾದರೆ ಈ ಉಸಾಬರಿಗೆ ಹೋಗಬೇಡಿರಿ. ಟ್ಯಾಲಿ ವಿಂಡೋಸಿಗೆಂದೇ ಮಾಡಿದ ತಂತ್ರಾಂಶ. ಲಿನಕ್ಸಿನಲ್ಲಿ ಹೇಗೋ ಓಡಿಸುವ ಹಾದಿಗಳಿದ್ದರೂ, ಇನ್ನೊಬ್ಬರ ರೊಕ್ಕದ ಲೆಕ್ಕದ ಮೇಲೆ ಅಂಥ ಪ್ರಯೋಗ ನಾನು ಮಾಡುವುದಿಲ್ಲ.

ಕಮಾಂಡುಗಳನ್ನು ಇಲ್ಲಿ ಫೋನಿನಲ್ಲಿ ಹೇಳಿ ಹೊಡೆಸುವ ಹಾಗೆ ಬರೆದಿದ್ದೇನೆ. ಕೀಬೋರ್ಡಿನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲೇ ಹೊಡೆಯಬೇಕು, ಕಾಗುಣಿತ ತಪ್ಪುವಂಥ ಕಡೆ ಅಕ್ಷರ ಬಿಡಿಸಿ ಹೇಳುತ್ತೇನೆ. ಪದೇ ಪದೇ ಬರುವ ಸುಡೊ ಅಂದರೆ ಎಸ್, ಯು, ಡಿ, ಓ; ಮುಂದಿನ ಕಮಾಂಡನ್ನು ಮೇಲಧಿಕಾರದಿಂದ ನಡೆಸು ಅಂತ ಅದರ ಅರ್ಥ.

ಮೊದಲು ಕ್ಯಾಬಿನೆಟ್ ಬಿಚ್ಚಿರಿ. ಬೆಲ್ಲದ ಅಂಗಡಿಯ ಧೂಳು ಬೇರೆ ಕಡೆಯ ಧೂಳಿನಂತಲ್ಲ, ಊದಿದರೆ ಹಾರುವುದಿಲ್ಲ, ಅಂಟಿಕೊಂಡು ಕೂತಿರುತ್ತದೆ. ಪ್ರೊಸೆಸರಿನ ಫ್ಯಾನಿನ ಎಲೆಗಳ ಮೇಲೆ ಕಂದು ಪದರ ಗಟ್ಟಿಯಾಗಿ, ಹೀಟ್‌ಸಿಂಕಿನ ಸಂದುಗಳು ಮುಚ್ಚಿಹೋಗಿದ್ದವು. ಒಣ ಬ್ರಶ್ಶಿಗೆ ಬರಲಿಲ್ಲ, ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಬೇಕಾಯಿತು. ಹಾರ್ಡ್‌ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ ಕೂಡಿಸಿದೆ. ಹಳೆಯ ಮಷೀನಿಗೆ ಖರ್ಚು ಮಾಡುವುದಾದರೆ ಮೊದಲ ರೂಪಾಯಿ ಇದಕ್ಕೇ ಹೋಗಬೇಕು, ರ‍್ಯಾಮ್ ಆಮೇಲೆ. ಇನ್ನೊಂದು ಅನುಕೂಲವೂ ಇದೆ: ಹಳೆಯ ಡಿಸ್ಕನ್ನು ಹಾಗೇ ಕಪಾಟಿನಲ್ಲಿ ಇಟ್ಟರೆ ಲೆಕ್ಕದ ಫೈಲುಗಳ ಮೂಲ ಪ್ರತಿ ಮುಟ್ಟದೇ ಉಳಿಯುತ್ತದೆ.

ಅಕ್ಷರದ ಪರದೆಯ ತನಕ

ಈಗಿನ ಡೆಬಿಯನ್ 13, ಹೆಸರು ಟ್ರಿಕ್ಸಿ, 2025ರ ಆಗಸ್ಟಿನಲ್ಲಿ ಬಂದದ್ದು. ಅದರಲ್ಲಿ 32 ಬಿಟ್ ಪ್ರೊಸೆಸರಿಗೆ ಇನ್‌ಸ್ಟಾಲರ್ ಇಲ್ಲ. ಅಷ್ಟು ಹಳೆಯ ಮಷೀನಾದರೆ ಡೆಬಿಯನ್ 12 ತಗೊಳ್ಳಿರಿ. ಐ3ರಂಥವೆಲ್ಲ 64 ಬಿಟ್, ಚಿಂತೆಯಿಲ್ಲ. ನೆಟ್‌ಇನ್‌ಸ್ಟ್ ಅನ್ನುವ ಚಿಕ್ಕ ಐಎಸ್‌ಒ ಇಳಿಸಿಕೊಂಡು, ರುಫಸ್ ಅನ್ನುವ ತಂತ್ರಾಂಶದಿಂದ ಪೆನ್‌ಡ್ರೈವಿಗೆ ಬರೆದು, ಅದರಿಂದ ಬೂಟ್ ಮಾಡಿರಿ. ಮಿಕ್ಕಿದ್ದನ್ನು ಇನ್‌ಸ್ಟಾಲರ್ ನೆಟ್ಟಿನಿಂದ ತಂದುಕೊಳ್ಳುತ್ತದೆ. ಅಂಗಡಿಯಲ್ಲಿ ಕೇಬಲ್ ನೆಟ್ ಇಲ್ಲದಿದ್ದರೆ ಆಂಡ್ರಾಯ್ಡ್ ಫೋನನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಚುಚ್ಚಿ ಟೆದರಿಂಗ್ ಹಚ್ಚಿರಿ, ಇನ್‌ಸ್ಟಾಲರ್ ಅದನ್ನು ಲ್ಯಾನ್ ಕಾರ್ಡಿನಂತೆಯೇ ಗುರುತು ಹಿಡಿಯುತ್ತದೆ.

ಇನ್‌ಸ್ಟಾಲರಿನಲ್ಲಿ ಕನ್ನಡವೂ ಇದೆ, ಆದರೆ ನಾನು ಇಂಗ್ಲಿಷ್ ಆರಿಸುತ್ತೇನೆ. ಮುಂದೆ ಏನಾದರೂ ತೊಡಕು ಬಂದಾಗ ದೋಷದ ಸಾಲನ್ನು ಇದ್ದದ್ದು ಇದ್ದಂತೆ ಹುಡುಕಲು ಅದು ಅನುಕೂಲ. ದೇಶ ಇಂಡಿಯಾ ಇಡಿರಿ. ಲಕ್ಷ, ಕೋಟಿಗೆ ಸರಿಯಾಗಿ ಅಲ್ಪವಿರಾಮ ಬೀಳುವ ಸಂಖ್ಯಾಮಾದರಿ, ಎಕ್ಸೆಲ್ ಬದಲು ಬಳಸುವ ಲಿಬ್ರೆಆಫೀಸಿನಲ್ಲಿ ಬರುವುದು ಅದರಿಂದಲೇ.

ಎರಡು ಕಡೆ ಮಾತ್ರ ನಿಂತು ನೋಡಬೇಕು. ರೂಟ್, ಅಂದರೆ ಎಲ್ಲಾ ಅಧಿಕಾರ ಇರುವ ಖಾತೆಯ ಪಾಸ್‌ವರ್ಡ್ ಕೇಳಿದಾಗ ಏನೂ ಹೊಡೆಯದೆ ಖಾಲಿ ಬಿಟ್ಟು ಮುಂದೆ ಹೋಗಿರಿ. ಆಗ ರೂಟ್ ಖಾತೆ ಮುಚ್ಚಿಕೊಂಡು, ನೀವು ಮಾಡುವ ಮೊದಲ ಬಳಕೆದಾರನಿಗೆ ಸುಡೊ ತಾನಾಗಿ ಸಿಗುತ್ತದೆ. ಇಲ್ಲಿ ಪಾಸ್‌ವರ್ಡ್ ಕೊಟ್ಟವರೇ ಆಮೇಲೆ ಸುಡೊ ಯಾಕೆ ನಡೆಯುತ್ತಿಲ್ಲ ಅಂತ ಫೋನ್ ಮಾಡುವುದು. ಎರಡನೆಯದು ಮೊದಲೇ ಹೇಳಿದ ಡೆಸ್ಕ್‌ಟಾಪ್ ಪರದೆ. ಅಲ್ಲಿ ಡೆಬಿಯನ್ ಡೆಸ್ಕ್‌ಟಾಪ್ ಮತ್ತು ಗ್ನೋಮ್ ಎರಡಕ್ಕೂ ಮೊದಲೇ ಗುರುತು ಹಾಕಿರುತ್ತದೆ. ಬಾಣದ ಕೀಲಿಯಿಂದ ಅವುಗಳ ಮೇಲೆ ಹೋಗಿ, ಸ್ಪೇಸ್‌ಬಾರ್ ಒತ್ತಿ ತೆಗೆಯಿರಿ. ಸ್ಟ್ಯಾಂಡರ್ಡ್ ಸಿಸ್ಟಮ್ ಯುಟಿಲಿಟೀಸ್ ಒಂದನ್ನು ಉಳಿಸಿರಿ. ಎಂಟರ್ ಒತ್ತಿದರೆ ಗುರುತು ಬದಲಾಗುವುದಿಲ್ಲ, ಪರದೆಯೇ ಮುಂದೆ ಓಡುತ್ತದೆ, ಹುಷಾರ್.

ಮೊದಲ ಪದರ: ಡ್ರೈವರ್

ಮರಳಿ ಚಾಲೂ ಆದಾಗ ಕಪ್ಪು ಪರದೆಯಲ್ಲಿ ಲಾಗಿನ್ ಅಂತ ಕೇಳುತ್ತದೆ. ಹೆಸರು, ಪಾಸ್‌ವರ್ಡ್ ಕೊಟ್ಟು ಒಳಗೆ ಹೋಗಿ ಹೊಡೆಯಿರಿ:

ಎಲ್‌ಎಸ್‌ಪಿಸಿಐ -ಕೆ

ಉದ್ದನೆಯ ಪಟ್ಟಿಯಲ್ಲಿ ವಿಜಿಎ ಅನ್ನುವ ಸಾಲು ಹುಡುಕಿರಿ. ಅದರ ಕೆಳಗೆ, ಬಳಕೆಯಲ್ಲಿರುವ ಕರ್ನಲ್ ಡ್ರೈವರ್ ಯಾವುದು ಅಂತ ಬರೆದಿರುತ್ತದೆ. ಇಂಟೆಲ್ ಆದರೆ ಐ915, ಎಎಂಡಿ ಆದರೆ ರೇಡಿಯಾನ್ ಅಥವಾ ಎಎಂಡಿಜಿಪಿಯು, ಎನ್‌ವಿಡಿಯಾ ಆದರೆ ನೂವೋ. ಹೆಸರು ಕಂಡಿತೋ, ಈ ಪದರ ಮುಗಿಯಿತು. ಆ ಸಾಲೇ ಇಲ್ಲದಿದ್ದರೆ ಮೇಲಿನ ಯಾವ ಪದರ ಹಾಕಿಯೂ ಉಪಯೋಗವಿಲ್ಲ. ಎಎಂಡಿ ಕಾರ್ಡಾದರೆ ಫರ್ಮ್‌ವೇರ್-ಎಎಂಡಿ-ಗ್ರಾಫಿಕ್ಸ್ ಅನ್ನುವ, ಕಾರ್ಡಿನೊಳಗೆ ಓಡುವ ತಂತ್ರಾಂಶದ ಪ್ಯಾಕೇಜ್ ಬಂದಿದೆಯೋ ಇಲ್ಲವೋ ನೋಡಿರಿ. ಡೆಬಿಯನ್ 12ರಿಂದ ಇಂಥ ಫರ್ಮ್‌ವೇರುಗಳನ್ನು ಇನ್‌ಸ್ಟಾಲರಿನ ಜತೆಗೇ ಕೊಡುತ್ತಿದ್ದಾರೆ, ಹಾಗಾಗಿ ಈ ತಾಪತ್ರಯ ಮೊದಲಿನಷ್ಟಿಲ್ಲ.

ಎರಡನೆಯದು: ಎಕ್ಸ್

ಸುಡೊ ಆಪ್ಟ್ ಅಪ್‌ಡೇಟ್
ಸುಡೊ ಆಪ್ಟ್ ಇನ್‌ಸ್ಟಾಲ್ ಎಕ್ಸ್‌ಆರ್ಗ್

ಆಪ್ಟ್ ಅಂದರೆ ನೆಟ್ಟಿನಿಂದ ಪ್ಯಾಕೇಜ್ ತಂದು ಹಾಕುವ ಕಮಾಂಡು. ಎಕ್ಸ್‌ಆರ್ಗ್ ಅಂದರೆ ಎಕ್ಸ್, ಓ, ಆರ್, ಜಿ. ಮುಗಿದ ಮೇಲೆ, ಸುಡೊ ಹಾಕದೆ:

ಸ್ಟಾರ್ಟ್‌ಎಕ್ಸ್

ನಡುವೆ ಸ್ಪೇಸ್ ಬೇಡ. ಪರದೆ ಒಮ್ಮೆ ಮಿಣುಕಿ, ಎಡಮೇಲಿನ ಮೂಲೆಯಲ್ಲಿ ಒಂದು ಚಿಕ್ಕ ಟರ್ಮಿನಲ್ ಕಿಟಕಿ ಬರುತ್ತದೆ. ಅದಕ್ಕೆ ಅಂಚಿಲ್ಲ, ಮೇಲೆ ಹೆಸರಿನ ಪಟ್ಟಿಯಿಲ್ಲ, ಮುಚ್ಚುವ ಗುಂಡಿಯಿಲ್ಲ, ಹಿಡಿದು ಎಳೆಯಲು ಬರುವುದಿಲ್ಲ. ಮೌಸಿನ ಬಾಣವನ್ನು ಕಿಟಕಿಯ ಮೇಲೆ ತಂದರೆ ಹೊಡೆದದ್ದು ಮೂಡುತ್ತದೆ. ಬಾಣ ಆಚೆ ಸರಿದರೆ ಅಕ್ಷರ ಎಲ್ಲೂ ಬೀಳುವುದಿಲ್ಲ. ಕಿಟಕಿಗಳನ್ನು ನೋಡಿಕೊಳ್ಳುವ ಮ್ಯಾನೇಜರ್ ಇನ್ನೂ ಬಂದಿಲ್ಲವಲ್ಲ, ಕೀಬೋರ್ಡಿನ ಮಾತು ಬಾಣ ಎಲ್ಲಿದೆಯೋ ಅಲ್ಲಿಗೇ ಹೋಗುತ್ತದೆ. ಸರ್ವರ್ ಸರಿಯಾಗಿ ಎದ್ದಿದೆ ಅನ್ನುವುದಕ್ಕೆ ಇದಕ್ಕಿಂತ ಚಲೋ ಪುರಾವೆ ಬೇಡ.

ಕಾಕಾ ಹಿಂದೆ ಬಂದು ನಿಂತು ನೋಡಿದರು. "ಇಷ್ಟಕ್ಕ ಮುಂಜಾನಿಂದ ಕುಂತೀ ಏನವಾ?"

"ತಡೀರಿ ಕಾಕಾ, ಗ್ವಾಡಿ ಎದ್ದಾವು, ಮಾಳಗಿ ಹಾಕೂದೈತಿ."

ಆ ಕಿಟಕಿಯಲ್ಲಿ ಎಕ್ಸಿಟ್ ಅಂತ ಹೊಡೆದರೆ ಎಕ್ಸ್ ಮುಚ್ಚಿ ಮತ್ತೆ ಅಕ್ಷರದ ಪರದೆಗೆ ಬರುತ್ತೀರಿ. ಕಿಟಕಿ ಬರದೇ ವಾಪಸ್ ಬಿದ್ದರೆ ಲಾಗ್ ಓದಿರಿ. ಅದು ನಿಮ್ಮ ಹೋಮ್ ಫೋಲ್ಡರಿನ /.ಲೋಕಲ್/ಶೇರ್/ಎಕ್ಸ್‌ಆರ್ಗ್ ಒಳಗೆ ಇರುತ್ತದೆ, ಅಲ್ಲಿಲ್ಲದಿದ್ದರೆ /ವಾರ್/ಲಾಗ್ ಒಳಗೆ. ನೂರಾರು ಸಾಲು ಇದ್ದರೂ ಓದಬೇಕಾದದ್ದು, ಕಂಸದೊಳಗೆ ದೊಡ್ಡಕ್ಷರದ ಎರಡು ಇ ಇರುವ ಸಾಲುಗಳನ್ನು ಮಾತ್ರ. ಅವು ನಿಜವಾದ ದೋಷ. ಎರಡು ಡಬ್ಲ್ಯು ಇರುವವು ಬರೀ ಎಚ್ಚರಿಕೆ, ಚೆನ್ನಾಗಿ ನಡೆಯುವ ಮಷೀನಿನಲ್ಲೂ ಇರುತ್ತವೆ.

ಸುಡೊ ಸ್ಟಾರ್ಟ್‌ಎಕ್ಸ್ ಅಂತ ಮಾತ್ರ ಎಂದಿಗೂ ಹೊಡೆಯಬೇಡಿರಿ. ನಿಮ್ಮ ಹೋಮ್ ಫೋಲ್ಡರಿನ ಎಕ್ಸ್‌ಅಥಾರಿಟಿ ಫೈಲು ರೂಟಿನ ಪಾಲಾಗಿಬಿಡಬಹುದು. ಆಮೇಲೆ ಪಾಸ್‌ವರ್ಡ್ ಸರಿ ಕೊಟ್ಟರೂ ಲಾಗಿನ್ ಪರದೆ ಮತ್ತೆ ಮತ್ತೆ ಅಲ್ಲಿಗೇ ತಂದು ನಿಲ್ಲಿಸುತ್ತದೆ. ಹಾಗೆ ಆಗಿದ್ದರೆ ಆ ಫೈಲನ್ನು ಸುಡೊ ಹಾಕಿ ಅಳಿಸಿರಿ, ಹೊಸದು ತಾನಾಗಿ ಹುಟ್ಟುತ್ತದೆ. ಡಿಸ್ಕ್ ಪೂರ್ತಿ ತುಂಬಿದಾಗಲೂ ಇದೇ ಆಟ.

ಎಕ್ಸ್ ಹುಟ್ಟಿದ್ದು 1984ರಲ್ಲಿ, ಅಮೆರಿಕದ ಎಂಐಟಿಯಲ್ಲಿ. ಇವತ್ತಿಗೂ ನಡೆಯುತ್ತಿರುವ ಹನ್ನೊಂದನೆಯ ಆವೃತ್ತಿ 1987ರದು, ಲಿನಕ್ಸಿಗಿಂತ ನಾಲ್ಕು ವರ್ಷ ಹಿರಿಯ. ಅದರ ಜಾಗಕ್ಕೆ ಬರುತ್ತಿರುವ ವೇಲ್ಯಾಂಡ್ ಶುರುವಾದದ್ದು 2008ರಲ್ಲಿ. ಗ್ನೋಮ್, ಕೆಡಿಇ ಆಗಲೇ ಆ ಕಡೆ ಹೊರಳಿವೆ. ಎಕ್ಸ್‌ಎಫ್‌ಸಿಇಯ 4.20ರಲ್ಲಿ ವೇಲ್ಯಾಂಡ್ ಇನ್ನೂ ಪ್ರಯೋಗದ ಹಂತದಲ್ಲಿದೆ. ಅಂಗಡಿಯ ಕೆಲಸಕ್ಕೆ ಎಕ್ಸೇ ಇರಲಿ.

ಮೂರನೆಯದು: ಎಕ್ಸ್‌ಎಫ್‌ಸಿಇ

ಸುಡೊ ಆಪ್ಟ್ ಇನ್‌ಸ್ಟಾಲ್ ಎಕ್ಸ್‌ಎಫ್‌ಸಿಇ4

ಎಕ್ಸ್, ಎಫ್, ಸಿ, ಇ, ಅದಕ್ಕೆ ಅಂಟಿಸಿ ನಾಲ್ಕು. ವೈ ಒತ್ತುವ ಮೊದಲು ಆಪ್ಟ್ ತೋರಿಸುವ ಪಟ್ಟಿಯ ಮೇಲೆ ಕಣ್ಣಾಡಿಸಿರಿ. ಅದರಲ್ಲಿ ಲಾಗಿನ್ ಪರದೆ ತೋರಿಸುವ ಲೈಟ್‌ಡಿಎಂ ಹೆಸರೂ ಇದ್ದರೆ ಗಾಬರಿ ಬೇಡ, ಮುಂದಿನ ಹೆಜ್ಜೆಯ ಒಂದು ಕಮಾಂಡ್ ಉಳಿಯಿತು ಅಷ್ಟೇ.

ಇಳಿಸಿಕೊಂಡದ್ದನ್ನು ಬಿಚ್ಚಿ ಕೂಡಿಸುವ ಹೊತ್ತಿನಲ್ಲೇ ಕರೆಂಟು ಹೋಗುವುದು ನಮ್ಮ ಕಡೆ ಏನು ಅಪರೂಪವೇ? ಬಂದ ಮೇಲೆ ಮೊದಲಿನಿಂದ ಇನ್‌ಸ್ಟಾಲ್ ಮಾಡಲು ಹೊರಡಬೇಡಿರಿ. ಇವೆರಡನ್ನು ಹೊಡೆಯಿರಿ, ಅರ್ಧಕ್ಕೆ ನಿಂತದ್ದು ಅಲ್ಲಿಂದಲೇ ಮುಂದುವರಿಯುತ್ತದೆ:

ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ
ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್

ಮತ್ತೊಮ್ಮೆ ಸ್ಟಾರ್ಟ್‌ಎಕ್ಸ್. ಈ ಸಲ ಅಂಚು, ಮೆನು, ಪಟ್ಟಿ, ಹಿನ್ನೆಲೆ ಚಿತ್ರ ಎಲ್ಲಾ ಸಮೇತ ಡೆಸ್ಕ್‌ಟಾಪ್ ಬಂದು ಕೂಡುತ್ತದೆ. ಕಿಟಕಿ ಎಳೆದಾಡಿ, ಫೈಲುಗಳ ತುನಾರ್ ತೆರೆದು ನೋಡಿರಿ. ಕಿಟಕಿ ಎಳೆಯುವಾಗ ಹಿಂದೆ ಹರಿದಂತೆ ಕಂಡರೆ, ಅಥವಾ ಮಷೀನು ತಿಣುಕಾಡಿದರೆ, ಸೆಟ್ಟಿಂಗ್ಸಿನಲ್ಲಿ ವಿಂಡೋ ಮ್ಯಾನೇಜರ್ ಟ್ವೀಕ್ಸ್, ಅದರಲ್ಲಿ ಕಾಂಪೊಸಿಟರ್, ಅಲ್ಲಿ ಒಮ್ಮೆ ಟಿಕ್ ತೆಗೆದು, ಒಮ್ಮೆ ಹಾಕಿ ಯಾವುದು ವಾಸಿ ನೋಡಿರಿ. ನೆರಳು, ಪಾರದರ್ಶಕತೆ ಹೋದರೆ ಬೆಲ್ಲದ ಲೆಕ್ಕಕ್ಕೇನೂ ನಷ್ಟವಿಲ್ಲ.

ಲಾಗಿನ್ ಪರದೆ

ಸುಡೊ ಆಪ್ಟ್ ಇನ್‌ಸ್ಟಾಲ್ ಲೈಟ್‌ಡಿಎಂ

ಆಮೇಲೆ ಸುಡೊ ರೀಬೂಟ್. ಪರದೆ ಬಂತು, ಆದರೆ ಕಾಕಾಗೆ ಸಿಟ್ಟೂ ಬಂತು: "ನನ್ನ ಅಂಗಡ್ಯಾಗ ನಾನ ನನ್ನ ಹೆಸರ ಹೇಳ್ಬೇಕೇನ?" ಡೆಬಿಯನ್ನಿನಲ್ಲಿ ಲೈಟ್‌ಡಿಎಂ ಬಳಕೆದಾರರ ಹೆಸರು ಮುಚ್ಚಿಟ್ಟಿರುತ್ತದೆ, ಪ್ರತಿ ಸಲವೂ ಹೆಸರು ಟೈಪ್ ಮಾಡಬೇಕು. ನ್ಯಾನೊ ಅನ್ನುವ ಪಠ್ಯ ಸಂಪಾದಕದಲ್ಲಿ ಬದಲಿಸುವುದು ಹೀಗೆ:

ಸುಡೊ ನ್ಯಾನೊ /ಇಟಿಸಿ/ಲೈಟ್‌ಡಿಎಂ/ಲೈಟ್‌ಡಿಎಂ.ಕಾನ್ಫ್

ಕಂಟ್ರೋಲ್ ಡಬ್ಲ್ಯು ಒತ್ತಿ ಹೈಡ್-ಯೂಸರ್ಸ್ ಅಂತ ಹುಡುಕಿರಿ. ಸೀಟ್ ಅನ್ನುವ ತಲೆಬರಹದ ಕೆಳಗೆ ಗ್ರೀಟರ್-ಹೈಡ್-ಯೂಸರ್ಸ್=ಫಾಲ್ಸ್ ಅಂತ ಒಂದು ಸಾಲಿದೆ, ಅದರ ಮುಂದೆ ಹ್ಯಾಶ್ ಗುರುತು. ಹ್ಯಾಶ್ ಒಂದನ್ನೇ ಅಳಿಸಿ, ಕಂಟ್ರೋಲ್ ಓ, ಎಂಟರ್, ಕಂಟ್ರೋಲ್ ಎಕ್ಸ್. ಮುಂದಿನ ಸಲ ಹೆಸರು ತಾನಾಗಿ ಬರುತ್ತದೆ.

ಲಾಗಿನ್ ಪರದೆಯ ಬದಲು ಕಪ್ಪು ಬಂದರೂ ಪವರ್ ಗುಂಡಿಗೆ ಕೈ ಹಾಕಬೇಡಿರಿ. ಕಂಟ್ರೋಲ್, ಆಲ್ಟ್, ಎಫ್2 ಮೂರನ್ನೂ ಒಟ್ಟಿಗೆ ಒತ್ತಿದರೆ ಅಕ್ಷರದ ಪರದೆ ಸಿಗುತ್ತದೆ. ಅಲ್ಲಿ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಲೈಟ್‌ಡಿಎಂ ಅಂತ ಕೇಳಿರಿ. ಕೆಳಗಿನ ಮೂರು ಪದರ ನೀವೇ ಕಣ್ಣಾರೆ ಕಂಡಿದ್ದೀರಿ, ಈಗ ಅನುಮಾನ ಉಳಿಯುವುದು ಇದೊಂದರ ಮೇಲೆ. ದುರಸ್ತಿ ಮಾಡುವ ತನಕ ಸ್ಟಾರ್ಟ್‌ಎಕ್ಸಿನಿಂದಲೇ ಅಂಗಡಿ ನಡೆಸಬಹುದು.

ಡೆಸ್ಕ್‌ಟಾಪ್ ಬಂದ ಮೇಲೆ

ಹೀಗೆ ಕೈಯಾರೆ ಹಾಕಿದಾಗ ವೈಫೈ ಐಕಾನು ಬಂದಿರುವುದಿಲ್ಲ. ನೆಟ್‌ವರ್ಕ್-ಮ್ಯಾನೇಜರ್-ಗ್ನೋಮ್ ಪ್ಯಾಕೇಜ್ ಹಾಕಿರಿ. ಹೆಸರಿನಲ್ಲಿ ಗ್ನೋಮ್ ಇದ್ದರೂ ಎಕ್ಸ್‌ಎಫ್‌ಸಿಇಯಲ್ಲಿ ನಡೆಯುತ್ತದೆ. ಐಕಾನು ಬಂದರೂ ಅದು "ಈ ಸಾಧನ ನನ್ನ ಸುಪರ್ದಿಯಲ್ಲಿಲ್ಲ" ಎನ್ನುವರ್ಥದ ಮಾತು ಹೇಳಬಹುದು. ಇನ್‌ಸ್ಟಾಲ್ ಮಾಡುವಾಗ ಬಳಸಿದ ಸಂಪರ್ಕದ ವಿವರ /ಇಟಿಸಿ/ನೆಟ್‌ವರ್ಕ್/ಇಂಟರ್‌ಫೇಸಸ್ ಫೈಲಿನಲ್ಲಿ ಕೂತಿರುತ್ತದೆ, ಅಲ್ಲಿ ಹೆಸರಿರುವ ಸಾಧನವನ್ನು ನೆಟ್‌ವರ್ಕ್ ಮ್ಯಾನೇಜರ್ ಮುಟ್ಟುವುದಿಲ್ಲ. ಆ ಸಾಧನದ ಸಾಲುಗಳ ಮುಂದೆ ಹ್ಯಾಶ್ ಹಾಕಿರಿ. ಎಲ್‌ಓ ಅಂತಿರುವ ಎರಡು ಸಾಲು ಹಾಗೇ ಇರಲಿ. ರೀಬೂಟ್ ಮಾಡಿದರೆ ವೈಫೈ ಪಟ್ಟಿ ತೆರೆದುಕೊಳ್ಳುತ್ತದೆ.

ಲಿಬ್ರೆಆಫೀಸ್-ಕ್ಯಾಲ್ಕ್, ಲಿಬ್ರೆಆಫೀಸ್-ಜಿಟಿಕೆ3, ಫೈರ್‌ಫಾಕ್ಸ್-ಇಎಸ್‌ಆರ್, ಧ್ವನಿಗೆ ಪೈಪ್‌ವೈರ್-ಆಡಿಯೊ, ಇಷ್ಟು ಸಾಕು. 4 ಜಿಬಿಯಲ್ಲಿ ಎಕ್ಸ್‌ಎಫ್‌ಸಿಇ ಹಗುರಾಗಿ ಓಡುತ್ತದೆ, ರ‍್ಯಾಮ್ ನುಂಗುವುದು ಬ್ರೌಸರಿನ ಟ್ಯಾಬುಗಳು.

ಕನ್ನಡಕ್ಕೆ ಸ್ವಲ್ಪ ಹೊತ್ತು ಕೊಡಬೇಕು. ಫಾಂಟ್ಸ್-ಕೆಎನ್‌ಡಿಎ ಹಾಕಿದರೆ ಗುಬ್ಬಿ, ನವಿಲು ಫಾಂಟುಗಳು ಬರುತ್ತವೆ. ಫಾಂಟ್ಸ್-ನೋಟೊ-ಕೋರ್‌ನಲ್ಲಿ ನೋಟೊ ಕನ್ನಡವೂ ಇದೆ. ಟೈಪ್ ಮಾಡಲು ಐಬಸ್ ಮತ್ತು ಐಬಸ್-ಎಂ17ಎನ್ ಹಾಕಿ, ಐಎಂ-ಕಾನ್ಫಿಗ್ -ಎನ್ ಐಬಸ್ ಎಂದು ಹೊಡೆದು, ಲಾಗೌಟ್ ಆಗಿ ಒಳಗೆ ಬನ್ನಿರಿ. ಐಬಸ್ಸಿನ ಪ್ರಿಫರೆನ್ಸಸ್‌ನಲ್ಲಿ ಕನ್ನಡ ಆರಿಸಿದಾಗ ನಾಲ್ಕಾರು ವಿನ್ಯಾಸ ಕಾಣುತ್ತವೆ. ಅಂಗಡಿಯ ಲೆಕ್ಕ ಬರೆಯುವ ದಿವಾನಜಿಗೆ ನುಡಿ ತಂತ್ರಾಂಶದ ಕೈ. ಅರ್ಧಾಕ್ಷರಕ್ಕೆ ಎಫ್ ಒತ್ತಿ ರೂಢಿಯಾದ ಬೆರಳುಗಳಿಗೆ ಕೆಜಿಪಿ ಅನ್ನುವ ವಿನ್ಯಾಸ ಸರಿ. ಸೂಪರ್ ಕೀಲಿ (ವಿಂಡೋಸ್ ಗುರುತಿನದು) ಹಿಡಿದು ಸ್ಪೇಸ್ ಒತ್ತಿದರೆ ಕನ್ನಡ, ಮತ್ತೊಮ್ಮೆ ಒತ್ತಿದರೆ ಇಂಗ್ಲಿಷ್.

ಹಳೆಯ ನುಡಿ ಫೈಲುಗಳದು ಬೇರೆಯೇ ಕಥೆ. ಅವು ಯೂನಿಕೋಡ್ ಅಲ್ಲದಿದ್ದರೆ ರೈತರ ಹೆಸರಿರುವ ಕಡೆಯೆಲ್ಲ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣುತ್ತದೆ. ಫೈಲು ಕೆಟ್ಟಿಲ್ಲ; ಆ ಸಂಕೇತಗಳಿಗೆ ಕನ್ನಡದ ರೂಪ ಕೊಡುತ್ತಿದ್ದ ಫಾಂಟು ಇಲ್ಲಿಲ್ಲ. ವಿಂಡೋಸ್ ಇರುವಾಗಲೇ ನುಡಿಯೊಳಗಿನ ಪರಿವರ್ತಕದಿಂದ ಯೂನಿಕೋಡಿಗೆ ಬದಲಿಸಿಟ್ಟುಕೊಳ್ಳುವುದು ಎಲ್ಲಕ್ಕಿಂತ ಸಲೀಸು. ಬದಲಾದ ಮೇಲೆ ಹತ್ತಿಪ್ಪತ್ತು ಹೆಸರುಗಳನ್ನು ಹಳೆಯ ಪ್ರಿಂಟಿನ ಜತೆ ತಾಳೆ ನೋಡಿರಿ, ವಿಶೇಷವಾಗಿ ಒತ್ತಕ್ಷರ, ಅರ್ಕಾವತ್ತು ಇರುವವನ್ನು.

ಕಾಕಾನ ಕಣ್ಣಿಗೆ ಅಕ್ಷರ ದೊಡ್ಡದಾಗಬೇಕಿತ್ತು. ಅಪಿಯರೆನ್ಸ್‌ನಲ್ಲಿ ಫಾಂಟ್ಸ್, ಅಲ್ಲಿ ಡಿಪಿಐ 96 ಇದ್ದದ್ದನ್ನು 120 ಮಾಡಿದೆ. ಮೆನು, ಕಿಟಕಿ, ಲಿಬ್ರೆಆಫೀಸ್ ಎಲ್ಲದರ ಅಕ್ಷರವೂ ಒಟ್ಟಿಗೆ ಹಿಗ್ಗಿತು. ಹಾಳೆ, ಪ್ರಿಂಟರು, ಬ್ರೌಸರು, ಈ ಮೂರು ಐಕಾನು ಬಿಟ್ಟು ಮಿಕ್ಕಿದ್ದನ್ನು ಡೆಸ್ಕ್‌ಟಾಪಿನಿಂದ ತೆಗೆದುಬಿಟ್ಟೆ.

ಪ್ರಿಂಟರಿಗೆ ಕಪ್ಸ್ ಮತ್ತು ಸಿಸ್ಟಮ್-ಕಾನ್ಫಿಗ್-ಪ್ರಿಂಟರ್ ಹಾಕಿ ಯುಎಸ್‌ಬಿ ಚುಚ್ಚಿದರೆ ಹೆಚ್ಚಿನವು ಗುರುತು ಸಿಗುತ್ತವೆ. ಎಚ್‌ಪಿಯ ಕೆಲವು ಹಳೆಯ ಲೇಸರ್‌ಜೆಟ್‌ಗಳಿಗೆ ಎಚ್‌ಪಿಲಿಪ್ ಹಾಕಿದ ಮೇಲೆ ಅದರ ಪ್ಲಗಿನ್ ಬೇರೆ ಇಳಿಸಿಕೊಳ್ಳಬೇಕು, ಆಗ ನೆಟ್ ಚಾಲೂ ಇರಲಿ.

ಕೊನೆಗೆ ದಿವಾನಜಿಗೆ ಬೇರೆ ಖಾತೆ: ಸುಡೊ ಆಡ್‌ಯೂಸರ್ ಅಂತ ಹೊಡೆದು ಮುಂದೆ ಅವರ ಹೆಸರು, ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ಸ್ಪೇಸ್ ಇಲ್ಲದೆ. ಅವರನ್ನು ಸುಡೊ ಗುಂಪಿಗೆ ಸೇರಿಸುವುದು ಬೇಡ. ಪಟ್ಟಿ ಪ್ರಿಂಟ್ ಹೊಡೆಯಲು ಅದು ಬೇಕಾಗುವುದೂ ಇಲ್ಲ. ಐಬಸ್ ಮತ್ತು ಡಿಪಿಐ ಆಯಾ ಬಳಕೆದಾರರ ಸೆಟ್ಟಿಂಗು, ಹಾಗಾಗಿ ಅವರ ಖಾತೆಯಲ್ಲಿ ಅವೆರಡನ್ನೂ ಮತ್ತೊಮ್ಮೆ ಮಾಡಬೇಕು.